ಅಂಚೆಗೆ ಹೋಗದ ಮತಪತ್ರ

ಜಪಾನಿನ ಒಕಾಜಾಕಿಯ ಸಂಶೋಧನಾ ಸಂಸ್ಥೆಯಲ್ಲಿ ನಾನಿದ್ದ ಲ್ಯಾಬಿನಲ್ಲಿ ಇಬ್ಬರು ಅಮೆರಿಕನ್ನರಿದ್ದರು. ಒಬ್ಬರು ಅರವತ್ತು ದಾಟಿದ ಪ್ರೊಫೆಸರ್, ಒಂದೂವರೆ ವರ್ಷದ ಮಟ್ಟಿಗೆ ಅತಿಥಿಯಾಗಿ ಬಂದವರು. ಇನ್ನೊಬ್ಬಳು ಇಪ್ಪತ್ತೇಳರ ಹುಡುಗಿ. ನನ್ನ ಹಾಗೆಯೇ ಪಿಎಚ್.ಡಿ. ಮುಗಿಸಿ ಎರಡು ವರ್ಷದ ಫೆಲೋಶಿಪ್ ಹಿಡಿದು ಬಂದಿದ್ದಳು. ಹೆಸರುಗಳು ಬೇಡ. ಅವರನ್ನು ದೊಡ್ಡವರು ಅನ್ನುತ್ತೇನೆ, ಅವಳನ್ನು ಹುಡುಗಿ ಅನ್ನುತ್ತೇನೆ. ಇಬ್ಬರೂ ಆಡಿದ್ದು ಇಂಗ್ಲಿಷ್. ಇಲ್ಲಿ ನನ್ನ ಮೈಸೂರು ಕನ್ನಡದಲ್ಲಿ ಆಡುತ್ತಾರೆ, ಅಷ್ಟೆ.

ಇಸವಿ ಎರಡು ಸಾವಿರ. ಅವರ ದೇಶದಲ್ಲಿ ಅಧ್ಯಕ್ಷರ ಚುನಾವಣೆ ಹತ್ತಿರವಾಗಿತ್ತು. ದೊಡ್ಡವರು ಆನೆ ಗುರುತಿನ ಪಕ್ಷ, ಹುಡುಗಿ ಕತ್ತೆ ಗುರುತಿನ ಪಕ್ಷ. ನಮ್ಮಲ್ಲಿ ಯಾರಿಗಾದರೂ ಕತ್ತೆಯ ಗುರುತು ಕೊಟ್ಟಿದ್ದರೆ ಅವನು ಚುನಾವಣಾಧಿಕಾರಿಯ ಕಚೇರಿ ಮುಂದೆ ಧರಣಿ ಕೂತಿರುತ್ತಿದ್ದ. ಇವರು ಅದನ್ನು ಎದೆಗೆ ಬ್ಯಾಡ್ಜ್ ಮಾಡಿ ಚುಚ್ಚಿಕೊಳ್ಳುತ್ತಾರೆ! ಅದಿರಲಿ. ಕೆಲಸದಲ್ಲಿ ಮಾತ್ರ ಇಬ್ಬರೂ ಹಾಲು ಜೇನು. ಹುಡುಗಿ ಮೀನಿನ ಮೊಟ್ಟೆಗಳನ್ನು ಬೆಳೆಸಿ ಕೊಡುತ್ತಿದ್ದಳು, ದೊಡ್ಡವರು ಅವಕ್ಕೆ ಬಣ್ಣ ಹಾಕಿ ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ತೋರಿಸುತ್ತಿದ್ದರು. ಒಟ್ಟಿಗೆ ಒಂದು ಪ್ರಬಂಧ ಬರೆಯುತ್ತಿದ್ದರು. ದೊಡ್ಡವರು ಹಿಂದೆ ಪಾಠ ಮಾಡಿದ್ದ ವಿಶ್ವವಿದ್ಯಾಲಯದಲ್ಲಿ ಒಂದು ಕೆಲಸ ಖಾಲಿಯಿತ್ತು. ಅದಕ್ಕೆ ಅವಳು ಅರ್ಜಿ ಹಾಕುವುದು, ಇವರು ಶಿಫಾರಸು ಪತ್ರ ಬರೆಯುವುದು ಅಂತ ಮಾತಾಗಿತ್ತು.

ಜಪಾನೀಯರ ಎದುರು ಇಬ್ಬರೂ ರಾಜಕೀಯದ ಸೊಲ್ಲೆತ್ತುತ್ತಿರಲಿಲ್ಲ. ಮಧ್ಯಾಹ್ನ ಊಟಕ್ಕೆ ಕೂತಾಗ ಹವಾಮಾನ, ಮೀನು, ಮತ್ತೆ ಹವಾಮಾನ. ಹೊಟ್ಟೆಯಲ್ಲಿ ಇದ್ದದ್ದನ್ನು ಕಕ್ಕಿಕೊಳ್ಳುವುದಕ್ಕೆ ಇಬ್ಬರಿಗೂ ನಾನೇ ಬೇಕಾಗಿತ್ತು. ಬೆಳಗ್ಗೆ ಅವಳು ನನ್ನ ಮೇಜಿನ ಪಕ್ಕ ಸ್ಟೂಲು ಎಳೆದುಕೊಂಡು ಕೂತು, "ಅವರು ನೋಡೋಕೆ ಒಳ್ಳೆಯವರು, ಆದ್ರೆ ಹುಷಾರು. ಅವರ ಪಕ್ಷದ ತುಂಬ ಎಕ್ಸ್‌ಟ್ರೀಮಿಸ್ಟ್‌ಗಳು. ದೇವರ ಹೆಸರಲ್ಲಿ ಏನು ಬೇಕಾದ್ರೂ ಮಾಡ್ತಾರೆ" ಅನ್ನುವಳು. ಸಂಜೆ ದೊಡ್ಡವರು ಚಹಾದ ಲೋಟ ಹಿಡಿದು ಬಂದು, "ಜಾಣೆ ಹುಡುಗಿ, ಪಾಪ. ಆದ್ರೆ ಅವಳ ಕಡೆಯವರು ಎಕ್ಸ್‌ಟ್ರೀಮಿಸ್ಟ್‌ಗಳು. ದೇಶಾನ ಸರ್ಕಾರದ ಕೈಗೆ ಬರೆದುಕೊಟ್ಟು ಬಿಡ್ತಾರೆ" ಅನ್ನುವರು. ನಮ್ಮೂರ ಪೇಪರಿನಲ್ಲಿ ಉಗ್ರಗಾಮಿ ಅಂದರೆ ಕಾಡಿನಲ್ಲಿ ಬಂದೂಕು ಹಿಡಿದು ಅಡಗಿರುವವನು. ಇಲ್ಲಿ ನೋಡಿದರೆ ಒಬ್ಬರು ಮೊಸರಿಗೆ ಜೇನು ಹಾಕಿಕೊಂಡು ತಿನ್ನುವ ಮುದುಕರು, ಇನ್ನೊಬ್ಬಳು ಮೀನು ಸತ್ತರೆ ಕಣ್ಣೀರು ಹಾಕುವವಳು.

ಮೊದಮೊದಲು ನಗು ಬರುತ್ತಿತ್ತು. ಆಮೇಲೆ ಅನುಮಾನ ಶುರುವಾಯಿತು. ನನಗೆ ಹುಟ್ಟಿನಿಂದಲೇ ಅನುಮಾನದ ಬುದ್ಧಿ. ತರಕಾರಿಯವನು ಒಂದು ಕಟ್ಟು ಕೊತ್ತಂಬರಿ ಪುಕ್ಕಟೆ ಕೊಟ್ಟರೆ ತಕ್ಕಡಿಯ ಕಡೆ ನೋಡುವವಳು ನಾನು. ಇವರಿಬ್ಬರೂ ನನಗೆ ಯಾಕೆ ಹೇಳುತ್ತಿದ್ದಾರೆ? ನನಗೇನು ಅಲ್ಲಿ ಓಟಿದೆಯೇ? ಇವಳು ಹೇಳುವಾಗ ಇವಳ ಮಾತಿನಲ್ಲೂ, ಅವರು ಹೇಳುವಾಗ ಅವರ ಮಾತಿನಲ್ಲೂ ಏನೋ ಅರ್ಧ ಮುಚ್ಚಿಟ್ಟ ಹಾಗೆ ಕಾಣುತ್ತಿತ್ತು. ಆದರೂ ಇಬ್ಬರಿಗೂ ತಲೆಯಾಡಿಸುತ್ತಿದ್ದೆ. ಯಾಕೆಂದರೆ ನನಗೂ ಒಂದು ಸ್ವಾರ್ಥವಿತ್ತು. ಮುಂದಿನ ವರ್ಷ ನನಗೆ ಅಮೆರಿಕಾದ ಒಂದು ಲ್ಯಾಬಿಗೆ ಹೋಗಬೇಕಿತ್ತು. ಅದಕ್ಕೆ ದೊಡ್ಡವರ ಶಿಫಾರಸು ಬೇಕಿತ್ತು, ಆಮೇಲೆ ವೀಸಾ ಬೇಕಿತ್ತು.

ನಮ್ಮ ಲ್ಯಾಬಿನಲ್ಲಿ ಟೋಬಾನ್ ಅಂತ ಒಂದು ಪದ್ಧತಿ. ವಾರಕ್ಕೊಬ್ಬರ ಪಾಳಿ. ಪಾಳಿಯವರು ಮೀನುಗಳಿಗೆ ಊಟ ಹಾಕಬೇಕು, ಚಹಾದ ಲೋಟ ತೊಳೆಯಬೇಕು, ಬುಟ್ಟಿಯಲ್ಲಿ ಬಿದ್ದ ಪತ್ರಗಳನ್ನು ಗುಡ್ಡದ ಕೆಳಗಿನ ಪೋಸ್ಟಾಫೀಸಿಗೆ ಒಯ್ಯಬೇಕು. ಮಾಡಿದ ಒಂದೊಂದು ಕೆಲಸಕ್ಕೂ ಫ್ರಿಜ್ಜಿನ ಮೇಲೆ ಅಂಟಿಸಿದ ಹಾಳೆಯಲ್ಲಿ ತಮ್ಮ ಮುದ್ರೆ ಒತ್ತಬೇಕು. ಪ್ರೊಫೆಸರಿಂದ ಹಿಡಿದು ನಿನ್ನೆ ಬಂದ ವಿದ್ಯಾರ್ಥಿಯವರೆಗೆ ಎಲ್ಲರಿಗೂ ಅದೇ ನಿಯಮ. ನನಗೂ ಕಿರುಬೆರಳಿನಷ್ಟು ಉದ್ದದ ಒಂದು ಮುದ್ರೆ ಮಾಡಿಸಿಕೊಟ್ಟಿದ್ದರು. ಆ ಕೆಂಪು ಗುರುತು ಬಿದ್ದರೆ ಮುಗಿಯಿತು, ಕೆಲಸ ಆಗಿದೆ ಅಂತ ಅರ್ಥ. ಯಾರೂ ಮರುಪ್ರಶ್ನೆ ಕೇಳುತ್ತಿರಲಿಲ್ಲ.

ಅಕ್ಟೋಬರಿನ ಒಂದು ವಾರ ನನ್ನ ಪಾಳಿ. ಗುರುವಾರ ದೊಡ್ಡವರು ಒಂದು ಲಕೋಟೆಯನ್ನು ಬುಟ್ಟಿಗೆ ಹಾಕದೆ ನನ್ನ ಕೈಗೇ ಕೊಟ್ಟರು. ಅಂಚೆಚೀಟಿ ಹಚ್ಚಿತ್ತು, ಹಿಂದುಗಡೆ ಸಂಸ್ಥೆಯ ವಿಳಾಸದ ರಬ್ಬರ್ ಸ್ಟಾಂಪು, ಅದರ ಕೆಳಗೆ ಅವರ ಹೆಸರು.

"ಇದು ನನ್ನ ಓಟು," ಅಂದರು. "ಮಂಡಿ ನೋವು, ಇಲ್ಲದಿದ್ರೆ ನಾನೇ ಹೋಗ್ತಿದ್ದೆ. ಇಪ್ಪತ್ತೊಂದನೇ ವಯಸ್ಸಿಂದ ಒಂದು ಚುನಾವಣೇನೂ ತಪ್ಪಿಸಿಲ್ಲ. ಜೋಪಾನವಾಗಿ ಹಾಕಿಬಿಡಮ್ಮ."

"ಅದಕ್ಕೇನು, ಹಾಕ್ತೀನಿ," ಅಂದೆ. ಆಗ ನನ್ನ ಮನಸ್ಸಿನಲ್ಲಿ ಏನೂ ಇರಲಿಲ್ಲ. ಇದನ್ನು ಯಾವ ದೇವರ ಮುಂದೆ ಬೇಕಾದರೂ ಹೇಳುತ್ತೇನೆ.

ಹುಡುಗಿಗೆ ಕೊಂಬಿನಿ ಅಂಗಡಿಯಲ್ಲಿ ಏನೋ ತೆಗೆದುಕೊಳ್ಳಬೇಕಾಗಿತ್ತು, ನನ್ನ ಜೊತೆ ಗುಡ್ಡ ಇಳಿದು ಬಂದಳು. ಪೋಸ್ಟಾಫೀಸಿನಲ್ಲಿ ಒಂದು ರಿಜಿಸ್ಟರ್ ಪಾರ್ಸೆಲ್ಲಿಗೆ ಚೀಟಿ ತುಂಬಬೇಕಿತ್ತು. ಬ್ಯಾಗನ್ನು ಅವಳ ಕೈಗೆ ಕೊಟ್ಟು ಬರೆಯುತ್ತಾ ನಿಂತೆ. ಬ್ಯಾಗಿನ ಬಾಯಿ ತೆರೆದಿತ್ತು. ಲಕೋಟೆ ಅವಳ ಕಣ್ಣಿಗೆ ಬಿತ್ತು.

"ಓಹೋ, ದೊಡ್ಡ ಮನುಷ್ಯರ ಓಟು," ಅಂದು ನಕ್ಕಳು. "ನಿನ್ನ ಕೈಯಲ್ಲೇ ಕಳಿಸ್ತಿದ್ದಾರೆ ನೋಡು. ಇದು ಯಾರಿಗೆ ಬೀಳುತ್ತೋ ಅವರು ಗೆದ್ರೆ ಮೊದಲು ಬಾಗಿಲು ಹಾಕೋದು ನಿನ್ನಂಥವರಿಗೇ. ವೀಸಾ ಗೀಸಾ ಎಲ್ಲ ಮರೆತುಬಿಡು. ನಿನ್ನಂಥ ಪಾಪದವರಿಗೋಸ್ಕರಾನೇ ನಾವು ಹೊಡೆದಾಡ್ತಿರೋದು."

ಪಾಪದವರು! ಮೈ ಉರಿಯಿತು. ಅವಳಿಗಿಂತ ನಾಲ್ಕು ವರ್ಷ ದೊಡ್ಡವಳು ನಾನು, ಅವಳಿಗಿಂತ ಎರಡು ಪ್ರಬಂಧ ಜಾಸ್ತಿ ನನ್ನವು. ಆದರೆ ಮೈ ಉರಿದದ್ದು ಒಂದು ಕಡೆ, ವೀಸಾದ ಭಯ ಹತ್ತಿದ್ದು ಇನ್ನೊಂದು ಕಡೆ. ನನ್ನ ಮುಖ ನೋಡಿ ಅವಳೇ ಬ್ಯಾಗ್ ಹಿಂದಕ್ಕೆ ಕೊಟ್ಟು, "ತಮಾಷೆಗೆ ಹೇಳಿದ್ದು. ಹಾಕು ಹಾಕು, ಅದು ಅವರ ಹಕ್ಕು," ಅಂದಳು. ಅಂದು ಕೊಂಬಿನಿಯ ಕಡೆ ನಡೆದಳು. ಈ ಮಾತನ್ನು ದಯವಿಟ್ಟು ನೆನಪಿಡಿ. ಹಾಕು ಅಂದವಳು ಅವಳು.

ನಾನು ಕೌಂಟರಿನಲ್ಲಿ ಪಾರ್ಸೆಲ್ ಕೊಟ್ಟೆ, ಉಳಿದ ಪತ್ರಗಳನ್ನು ಕೊಟ್ಟೆ. ಆ ಲಕೋಟೆಯ ಹತ್ತಿರ ಬಂದಾಗ ಕೈ ನಿಂತಿತು. ನಾಳೆ ಹಾಕಿದರಾಯಿತು, ಇನ್ನೂ ಬೇಕಾದಷ್ಟು ದಿನ ಇದೆ ಅಂದುಕೊಂಡೆ. ಲ್ಯಾಬಿಗೆ ವಾಪಸು ಬಂದು ಕೈ ತೊಳೆದು ಅಂಚೆಯ ಚೌಕದಲ್ಲಿ ಮುದ್ರೆ ಒತ್ತಿದೆ. ಉಳಿದ ಪತ್ರಗಳೆಲ್ಲ ಹೋಗಿದ್ದವಲ್ಲ, ಒತ್ತಲೇಬೇಕಿತ್ತು. ಒತ್ತಿದ ಮೇಲೆ ಅದು ಎಲ್ಲಕ್ಕೂ ಸೇರಿ ಬಿತ್ತು.

ಶನಿವಾರ ನಗೋಯಾಕ್ಕೆ ಹೋಗಿ ಶಿಂಕಾನ್ಸೆನ್ ರೈಲು ಹಿಡಿದು ಟೋಕಿಯೋದ ಎಡೋಗಾವಾಕ್ಕೆ ಹೋದೆ. ನನ್ನ ಗಂಡ ಅಲ್ಲಿದ್ದರು. ಬೆಂಗಳೂರಿನ ಕಂಪನಿಯೊಂದು ವೈ ಟು ಕೆ ಕೆಲಸಕ್ಕೆ ಅವರನ್ನು ಟೋಕಿಯೋಗೆ ಕಳಿಸಿತ್ತು. ಗಡಿಯಾರ ಸೊನ್ನೆಗೆ ಬಂದಾಗ ಲೋಕ ಮುಳುಗುತ್ತದೆ ಅಂದವರು ಮುಳುಗದಿದ್ದದ್ದನ್ನು ನೋಡಿಯೂ ಅವರನ್ನು ಅಲ್ಲೇ ಇಟ್ಟುಕೊಂಡಿದ್ದರು. ಭಾನುವಾರ ಬೆಳಗ್ಗೆ ಉಪ್ಪಿಟ್ಟು ತಿನ್ನುತ್ತಾ ವಿಷಯ ಹೇಳಿದೆ. ಅವರು ಚಮಚ ಕೆಳಗಿಟ್ಟರು.

"ಅಲ್ಲ ಕಣೇ, ತಲೆ ನೆಟ್ಟಗಿದ್ಯಾ ನಿಂಗೆ? ಬೇರೆಯವರ ಓಟು ಅದು!"

"ಗೊತ್ತು ರೀ. ಆದ್ರೆ ಅವಳು ಹೇಳಿದ್ದು ನಿಜ ಆಗಿದ್ರೆ? ಅವ್ರು ಬಂದ್ರೆ ವೀಸಾ..."

"ಅವಳು ಹೇಳೋದು ಇವ್ರು ಬಂದ್ರೆ ಪ್ರಳಯ, ಇವ್ರು ಹೇಳೋದು ಅವ್ರು ಬಂದ್ರೆ ಪ್ರಳಯ. ಪ್ರಳಯದ ಬಿಸಿನೆಸ್ ಏನು ಅಂತ ನನ್ನ ಕೇಳು, ಎರಡು ವರ್ಷ ಅದರಲ್ಲೇ ಊಟ ಮಾಡಿದೀನಿ. ಸುಮ್ನೆ ಊರ ಉಸಾಬರಿ ಯಾಕೆ ನಿಂಗೆ? ಕೊಡಿಲ್ಲಿ, ಸ್ಟೇಷನ್ ಹತ್ರ ಡಬ್ಬ ಇದೆ, ನಾನೇ ಹಾಕ್ಬಿಟ್ಟು ಬರ್ತೀನಿ."

"ತಂದಿಲ್ಲ. ಲ್ಯಾಬ್ ಡ್ರಾಯರಲ್ಲಿದೆ," ಅಂದೆ.

ಅದು ಪಕ್ಕದ ಕೋಣೆಯಲ್ಲಿ ನನ್ನ ಬ್ಯಾಗಿನಲ್ಲೇ ಇತ್ತು. ಕೊಟ್ಟುಬಿಟ್ಟರೆ ಅದು ನಿಜವಾಗಿಯೂ ಹೋಗಿಬಿಡುತ್ತದಲ್ಲ ಅನ್ನಿಸಿತು, ಅಷ್ಟೇ ಗೊತ್ತು. "ನಾಳೆ ಫಸ್ಟ್ ಥಿಂಗ್ ಪೋಸ್ಟ್ ಮಾಡು, ಪ್ರಾಮಿಸ್?" ಅಂದರು. ಪ್ರಾಮಿಸ್ ಅಂದೆ.

ಸೋಮವಾರ ಹಾಕುವವಳೇ ಇದ್ದೆ. ಲಕೋಟೆಯನ್ನು ಕೋಟಿನ ಜೇಬಿನಲ್ಲಿ ಇಟ್ಟುಕೊಂಡಿದ್ದೆ. ಅಷ್ಟರಲ್ಲಿ ದೊಡ್ಡವರು ಚಹಾ ಲೋಟ ಹಿಡಿದು ಬಂದರು.

"ನನ್ನ ಲಕೋಟೆ ಹೋಯ್ತಲ್ಲ? ಹಾಳೆ ನೋಡಿದೆ, ನಿನ್ನ ಮುದ್ರೆ ಇತ್ತು. ಅದಕ್ಕೇ ಈ ದೇಶ ಕಂಡ್ರೆ ನಂಗಿಷ್ಟ. ಮುದ್ರೆ ಬಿತ್ತು ಅಂದ್ರೆ ಆಯ್ತು ಅಂತಲೇ." ಆಮೇಲೆ ದನಿ ತಗ್ಗಿಸಿದರು. "ಆ ಹುಡುಗಿಯ ಪಕ್ಷದವರಿಗೆ ದೇಶ ಕೊಟ್ರೆ ಬೇಲಿನೇ ಇರಲ್ಲ. ಕಂಡಕಂಡವರೆಲ್ಲ ಒಳಗೆ ನುಗ್ತಾರೆ. ನಿನ್ನ ಮಾತಲ್ಲ ನಾನು ಹೇಳ್ತಿರೋದು, ತಪ್ಪು ತಿಳ್ಕೋಬೇಡ. ನಿನ್ನಂಥವರು ಒಳ್ಳೇ ಕೆಟಗರಿ."

ಕೆಟಗರಿ! ಒಬ್ಬಳಿಗೆ ನಾನು ಪಾಪದವಳು, ಇನ್ನೊಬ್ಬರಿಗೆ ನಾನು ಒಳ್ಳೇ ಕೆಟಗರಿ. ಸಂತೆಯಲ್ಲಿ ಬದನೆಕಾಯಿ ಆರಿಸಿದ ಹಾಗೆ ಆರಿಸುತ್ತಿದ್ದಾರೆ ನನ್ನನ್ನು. ಹಲ್ಲು ಕಚ್ಚಿಕೊಂಡು ನಕ್ಕೆ. ಅವರು ಹೋದ ಮೇಲೆ ಲಕೋಟೆಯನ್ನು ಜೇಬಿನಿಂದ ತೆಗೆದು ಡ್ರಾಯರಿಗೆ ತಳ್ಳಿದೆ. ಗಂಡನಿಗೆ ಹೇಳಿದ ಸುಳ್ಳು ಹೀಗೆ ಒಂದು ದಿನ ತಡವಾಗಿ ನಿಜವಾಯಿತು.

ಜಪಾನಿನಲ್ಲಿ ಬೀದಿಗೆರಡು ಕೆಂಪು ಅಂಚೆಡಬ್ಬಗಳು. ಆ ಎರಡು ವಾರ ನಾನು ಯಾವ ದಾರಿಯಲ್ಲಿ ನಡೆದರೂ ಒಂದು ಎದುರಾಗುತ್ತಿತ್ತು. ಮುಖ ಬೇರೆ ಕಡೆ ತಿರುಗಿಸಿ ನಡೆಯುತ್ತಿದ್ದೆ. ಒಂದು ದಿನ, ಇನ್ನೊಂದು ದಿನ ಅನ್ನುತ್ತಾ ಚುನಾವಣೆ ಬಂದೇ ಬಿಟ್ಟಿತು.

ಮುಂದೆ ಆದದ್ದು ನಿಮಗೆ ಗೊತ್ತು. ಒಂದೇ ಒಂದು ರಾಜ್ಯದಲ್ಲಿ ಕೆಲವು ನೂರು ಓಟುಗಳ ಮೇಲೆ ಇಡೀ ದೇಶ ನಿಂತುಬಿಟ್ಟಿತು. ಗೆಸ್ಟ್ ಹೌಸಿನ ಹಾಲಿನಲ್ಲಿದ್ದ ಟೀವಿಯಲ್ಲಿ ವಾರಗಟ್ಟಲೆ ಅದೇ ಸುದ್ದಿ. ಕನ್ನಡಕದ ಮಂದಿ ಒಂದೊಂದು ಮತಪತ್ರವನ್ನೂ ಬೆಳಕಿಗೆ ಹಿಡಿದು ತೂತು ಹುಡುಕುತ್ತಿದ್ದರು. ವಿದೇಶದಿಂದ ಬಂದ ಓಟುಗಳ ಮೇಲಿನ ಅಂಚೆಯ ಮೊಹರಿಗೂ ವಕೀಲರು ಕಿತ್ತಾಡುತ್ತಿದ್ದರು. ದೊಡ್ಡವರ ರಾಜ್ಯ ಅದಲ್ಲ. ಅವರ ಕಡೆ ಎಣಿಕೆ ಮೊದಲ ದಿನವೇ ಮುಗಿದಿತ್ತು, ಆ ಒಂದು ಓಟಿನಿಂದ ಆಗುವುದೂ ಹೋಗುವುದೂ ಏನೂ ಇರಲಿಲ್ಲ. ಹಾಗಂತ ನನಗೆ ನಾನೇ ಎಷ್ಟು ಸಲ ಹೇಳಿಕೊಂಡರೂ ಅನ್ನ ಇಳಿಯುತ್ತಿರಲಿಲ್ಲ.

ಈಗ ಇಬ್ಬರೂ ಊಟದ ಮೇಜಿನಲ್ಲೇ ಮಾತು ಶುರು ಮಾಡಿದ್ದರು, ಜಪಾನೀಯರು ಬಟ್ಟಲಿನಿಂದ ತಲೆಯೆತ್ತದಿದ್ದರೂ. "ಅವರು ಓಟು ಕದೀತಿದ್ದಾರೆ," ಅನ್ನುವಳು ಇವಳು. "ಕದಿಯೋಕೆ ನೋಡ್ತಿರೋದು ಯಾರು ಅಂತ ಪ್ರಪಂಚಕ್ಕೇ ಗೊತ್ತು," ಅನ್ನುವರು ಅವರು. ಕಳ್ಳಿ ನಾನು ಇಬ್ಬರ ನಡುವೆ ಕೂತು ಮೊಸರನ್ನ ಕಲೆಸುತ್ತಿದ್ದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಕೈ ನೂರು ಸಲ ಹೆಗಲಿಗೆ ಹೋಗಿರಬೇಕು. ಯಾರಾದರೂ ನನ್ನ ಡ್ರಾಯರಿನ ಹತ್ತಿರ ನಿಂತರೆ ಏನೋ ನೆಪ ಮಾಡಿ ನಾನೂ ಅಲ್ಲಿಗೆ ಹೋಗಿ ನಿಲ್ಲುತ್ತಿದ್ದೆ. ಪೆನ್ಸಿಲ್ ಕೇಳುವ ನೆಪದಲ್ಲಿ ಹುಡುಗಿ ಬಂದರೆ ಇವಳಿಗೆ ಗೊತ್ತಾಗಿದೆಯೋ ಏನೋ ಅನ್ನಿಸುತ್ತಿತ್ತು. ದೊಡ್ಡವರು ನಕ್ಕರೆ ಯಾಕೆ ನಕ್ಕರು ಅನ್ನಿಸುತ್ತಿತ್ತು.

ನನ್ನ ಅಪ್ಪ ಹೈಸ್ಕೂಲು ಮೇಷ್ಟರು. ಪ್ರತಿ ಚುನಾವಣೆಗೂ ಅವರಿಗೆ ಡ್ಯೂಟಿ ಬೀಳುತ್ತಿತ್ತು. ಒಂದು ಸಲ ಲಾರಿ ಬರುವುದು ತಡವಾಗಿ, ಯಾವುದೋ ಹಳ್ಳಿಯ ಶಾಲೆಯಲ್ಲಿ ಮತಪೆಟ್ಟಿಗೆಯ ಮೇಲೆ ತಲೆ ಇಟ್ಟುಕೊಂಡೇ ಮಲಗಿದ್ದರಂತೆ. ಮನೆಗೆ ಬಂದಾಗ ಕೆನ್ನೆಯ ಮೇಲೆ ಅರಗಿನ ಕೆಂಪು ಅಂಟಿತ್ತು. ಅಮ್ಮ ನಕ್ಕರೆ, "ನಗಬೇಡ, ಅದರೊಳಗೆ ಏಳ್ನೂರು ಜನ ಇದ್ರು," ಅಂದಿದ್ದರು. ಅಂಥವರ ಮಗಳು ನಾನು. ನೆನೆಸಿಕೊಂಡರೆ ಥೂ ಅನ್ನಿಸುತ್ತಿತ್ತು.

ಕೊನೆಗೆ ಆ ಲಕೋಟೆಯನ್ನು ಇಲ್ಲವಾಗಿಸಬೇಕು ಅಂತ ತೀರ್ಮಾನಿಸಿದೆ. ಹರಿದು ಹಾಕಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಹರಿಯುವುದಕ್ಕೆ ಕೈ ಬರಲಿಲ್ಲ. ಕಾಲು ತಾಗಿದ ಕಾಗದವನ್ನು ಕಣ್ಣಿಗೊತ್ತಿಕೊಂಡು ಬೆಳೆದವಳು, ಅದರ ಮೇಲೆ ಒಳಗಿರುವುದು ಓಟು. ಒಬ್ಬರ ಓಟನ್ನು ವಾರಗಟ್ಟಲೆ ಬಚ್ಚಿಡುವುದಕ್ಕೆ ಅಡ್ಡಬರದ ಸರಸ್ವತಿ ಹರಿಯುವಾಗ ಅಡ್ಡಬಂದಳು, ಎಂಥ ಭಕ್ತಿ ನೋಡಿ. ಹಾಗಾಗಿ ಇಡೀ ಲಕೋಟೆಯನ್ನೇ ನ್ಯೂಸ್‌ಪೇಪರಿನಲ್ಲಿ ಸುತ್ತಿದೆ. ನಮ್ಮ ಮನೆಯಲ್ಲಿ ಯಾರ ಕಣ್ಣಿಗೂ ಬೀಳಬಾರದ್ದನ್ನು ಪೇಪರಿನಲ್ಲಿ ಸುತ್ತಿಯೇ ಎಸೆಯುವುದು. ಸುತ್ತಿ, ಅಡುಗೆಮನೆಯ ಕಸದ ಚೀಲದಲ್ಲಿ ತರಕಾರಿ ಸಿಪ್ಪೆಯ ಕೆಳಗೆ ಹೂತಿಟ್ಟೆ. ನಮ್ಮ ಮಹಡಿಯಲ್ಲಿ ಇದ್ದದ್ದು ಎರಡೇ ಕೋಣೆ, ನನ್ನದು ಮತ್ತು ಹುಡುಗಿಯದು. ಅಡುಗೆಮನೆಯೂ ಕಸದ ಚೀಲವೂ ಇಬ್ಬರಿಗೂ ಒಂದೇ.

ಜಪಾನಿಗೆ ಬಂದು ಒಂದೂವರೆ ವರ್ಷವಾಗಿತ್ತು, ಆದರೂ ಮರೆತೆ. ಅಲ್ಲಿ ಕಸದ ಚೀಲ ಪಾರದರ್ಶಕ, ಒಳಗಿನದೆಲ್ಲ ಕಾಣುತ್ತದೆ. ಸುಡುವ ಕಸ ಬೇರೆ, ಬಾಟಲಿ ಬೇರೆ, ನ್ಯೂಸ್‌ಪೇಪರಂತೂ ಹಗ್ಗ ಕಟ್ಟಿ ಬೇರೆಯೇ ಇಡಬೇಕು. ನಮ್ಮ ಗೆಸ್ಟ್ ಹೌಸ್ ನೋಡಿಕೊಳ್ಳುತ್ತಿದ್ದ ಒಬಾಸಾನ್, ಎಪ್ಪತ್ತರ ಹತ್ತಿರದ ಹೆಂಗಸು, ನಮ್ಮಂಥ ಪರದೇಶಿ ಗೈಜಿನ್‌ಗಳ ಕಸವನ್ನು ಎಂದೂ ನಂಬುತ್ತಿರಲಿಲ್ಲ. ಬೆಳಗ್ಗೆ ಕೈಗವಸು ಹಾಕಿಕೊಂಡು ಚೀಲ ಬಿಚ್ಚಿ ನೋಡುವಳು. ತಪ್ಪು ಕಂಡರೆ ತೆಗೆದು ತೊಳೆದು ಅವರವರ ಬಾಗಿಲಿಗೆ ತಂದುಕೊಟ್ಟು "ಸುಮಿಮಾಸೆನ್" ಅಂತ ಕ್ಷಮೆ ಕೇಳಿ ಬಗ್ಗುವಳು. ಸುಡುವ ಕಸದಲ್ಲಿ ನ್ಯೂಸ್‌ಪೇಪರ್ ಕಂಡಳು, ಎಳೆದಳು, ಬಿಚ್ಚಿದಳು. ಒಳಗೆ ಚೀಟಿ ಹಚ್ಚಿದ, ಮೊಹರು ಬೀಳದ ಲಕೋಟೆ. ಪಾಪ, ಯಾರೋ ಕಳಕೊಂಡಿದ್ದಾರೆ ಅಂತ ಹಿಂದಿನ ವಿಳಾಸ ಓದಿ, ಪಕ್ಕದ ಕಟ್ಟಡದಲ್ಲಿದ್ದ ದೊಡ್ಡವರ ಬಾಗಿಲು ತಟ್ಟಿ, ಎರಡೂ ಕೈಯಲ್ಲಿ ಒಪ್ಪಿಸಿದಳು. ಸುತ್ತಿದ್ದ ಪೇಪರನ್ನೂ ಮಡಿಸಿ ಜೊತೆಗೇ ಕೊಟ್ಟಳು. ಎಲ್ಲಿ ಸಿಕ್ಕಿತು ಅಂತಲೂ ಹೇಳಿದಳು.

ದೊಡ್ಡವರು ನನ್ನನ್ನು ಅವರ ಕೋಣೆಗೆ ಕರೆದು ಬಾಗಿಲು ಹಾಕಿದರು. ಮೇಜಿನ ಮೇಲೆ ಲಕೋಟೆ, ಪಕ್ಕದಲ್ಲಿ ಕಲೆ ಹತ್ತಿದ ಪೇಪರು. ಮುಗಿಯಿತು ನನ್ನ ಕಥೆ ಅಂದುಕೊಂಡೆ. ನಿಜ ಹೇಳಬೇಕೆಂದರೆ ಒಂದು ಕ್ಷಣ ಹಗುರವೂ ಆಯಿತು.

"ಇದನ್ನ ನೋಡು," ಅಂತ ಪೇಪರಿನ ಒಂದು ಮೂಲೆಗೆ ಬೆರಳಿಟ್ಟರು. ಪದಬಂಧ. ಅರ್ಧ ತುಂಬಿತ್ತು, ಹಸಿರು ಇಂಕಿನಲ್ಲಿ. ಲ್ಯಾಬಿನಲ್ಲಿ ಹಸಿರು ಇಂಕಿನಲ್ಲಿ ಬರೆಯುತ್ತಿದ್ದವಳು ಒಬ್ಬಳೇ. ಇಂಗ್ಲಿಷ್ ಪೇಪರು ತರಿಸುತ್ತಿದ್ದವಳೂ ಅವಳೇ. ಓದಿ ಅಡುಗೆಮನೆಯ ಮೂಲೆಯಲ್ಲಿ ಪೇರಿಸಿಡುತ್ತಿದ್ದಳು. ನಾನು ಮೇಲಿನದನ್ನು ಎಳೆದುಕೊಂಡಿದ್ದೆ. ಪದಬಂಧ ನೋಡಿರಲಿಲ್ಲ. ನೋಡಿರಲಿಲ್ಲ ಅಂತಲೇ ಇಷ್ಟು ವರ್ಷ ನನಗೆ ನಾನು ಹೇಳಿಕೊಂಡು ಬಂದಿದ್ದೇನೆ. ಊರಿನವರನ್ನೆಲ್ಲ ಅನುಮಾನಿಸುವವಳು ನನ್ನನ್ನೂ ಅನುಮಾನಿಸಬೇಕಲ್ಲವೇ?

"ನೀನು ಪೋಸ್ಟಾಫೀಸಿಗೆ ಹೋದ ದಿನ ಅವಳು ಜೊತೆಗೆ ಬಂದಿದ್ಲಾ?" ಅಂತ ಕೇಳಿದರು. ಗಟ್ಟಿ ದನಿಯಲ್ಲ.

"ಬಂದಿದ್ಲು."

"ನಿನ್ನ ಬ್ಯಾಗು ಅವಳ ಕೈಗೆ ಸಿಕ್ಕಿತ್ತಾ? ಒಂದು ನಿಮಿಷಕ್ಕಾದ್ರೂ?"

"ಚೀಟಿ ಬರೀವಾಗ... ಹಿಡ್ಕೊಂಡಿದ್ಲು."

"ಹಂಗಾದ್ರೆ ನೀನು ಉಳಿದದ್ದನ್ನ ಕೊಟ್ಟೆ, ಎಲ್ಲ ಹೋಯ್ತು ಅಂದುಕೊಂಡು ಮುದ್ರೆ ಒತ್ತಿದೆ. ನಿನ್ನ ತಪ್ಪಲ್ಲ ಬಿಡು."

ಅವರು ಕೇಳಿದ್ದಕ್ಕೆ ನಾನು ಒಂದೇ ಒಂದು ಸುಳ್ಳನ್ನೂ ಆಡಲಿಲ್ಲ. ಎಲ್ಲ ನಿಜ. ಅವರು ಆ ನಿಜಗಳನ್ನು ತಾವೇ ಜೋಡಿಸಿಕೊಂಡರು, ನಾನು ಜೋಡಿಸಲು ಬಿಟ್ಟೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರು ಎಲ್ಲ ದೇಶದಲ್ಲೂ ಇರುತ್ತಾರೆ. ಆದರೆ ಎತ್ತು ಈಯಿತು ಅಂತ ಹೇಳುವವರೂ ಒಬ್ಬರು ಬೇಕಲ್ಲ.

"ಲ್ಯಾಬಿನ ಹೆಡ್ಡು, ಆ ಸೆನ್ಸೇಗೆ ಹೇಳಲ್ಲ ನಾನು," ಅಂದರು. "ನಮ್ಮ ದೇಶದ ಮಾನ ಇವರ ಮುಂದೆ ಯಾಕೆ ಕಳೀಲಿ? ಅವಳನ್ನೂ ಕೇಳಲ್ಲ, ಕೇಳಿದ್ರೆ ಇಲ್ಲ ಅಂತಾಳೆ. ನೀನು ಹೊರಗಿನವಳು, ನಿಂಗಿದು ಅರ್ಥ ಆಗಲ್ಲ. ನಾನು ಎಕ್ಸ್‌ಟ್ರೀಮಿಸ್ಟ್ ಅಂದಾಗೆಲ್ಲ ಮುದುಕ ಏನೋ ಗೊಣಗ್ತಾನೆ ಅಂದುಕೊಂಡಿರ್ತೀಯ. ಈಗ ಕಣ್ಣಾರೆ ನೋಡಿದೆಯಲ್ಲ?"

ಆಗ ಬಾಯಿ ಬಿಡಬಹುದಿತ್ತು. ನಾನು ಸರ್, ನಾನೇ ಅಂದಿದ್ದರೆ ಎರಡೇ ಮಾತಿನಲ್ಲಿ ಮುಗಿಯುತ್ತಿತ್ತು. ಅವರ ಮೇಜಿನ ಮೇಲೆ ನನ್ನ ಶಿಫಾರಸು ಪತ್ರದ ಫಾರಂ ಇತ್ತು, ಅರ್ಧ ತುಂಬಿದ್ದು. ಅದನ್ನು ನೋಡಿದೆ, ಬಾಯಿ ಮುಚ್ಚಿಕೊಂಡೆ. ಅವರು ಲಕೋಟೆಯನ್ನು ಎತ್ತಿ ಮಡಿಲಿನಲ್ಲಿ ಇಟ್ಟುಕೊಂಡರು. ಅದರ ಅಂಚನ್ನು ಹೆಬ್ಬೆರಳಿನಿಂದ ಸವರುತ್ತಾ, "ಇಷ್ಟು ವರ್ಷದಲ್ಲಿ ಇದೊಂದೇ ತಪ್ಪಿದ್ದು," ಅಂದರು. ಕಣ್ಣು ಒದ್ದೆಯಾಗಿತ್ತು.

ಆಮೇಲೆ ಅವರು ಅವಳಿಗೆ ಕೆಟ್ಟದ್ದೇನೂ ಮಾಡಲಿಲ್ಲ. ಮಾಡಬೇಕಾದದ್ದನ್ನು ಮಾಡುವುದು ನಿಲ್ಲಿಸಿದರು, ಅಷ್ಟೆ. ಅವಳ ಮೊಟ್ಟೆಗಳಿಗೆ ಬಣ್ಣ ಹಾಕಲು ಸಮಯ ಇಲ್ಲ ಅಂದರು. ಪ್ರಬಂಧದಿಂದ ತಮ್ಮ ಚಿತ್ರಗಳನ್ನು ವಾಪಸು ತೆಗೆದುಕೊಂಡರು. ಅವಳು "ಗುಡ್ ಮಾರ್ನಿಂಗ್" ಅಂದರೆ "ಗುಡ್ ಮಾರ್ನಿಂಗ್" ಅನ್ನುತ್ತಿದ್ದರು, ಅದರಾಚೆಗೆ ಒಂದು ಅಕ್ಷರ ಇಲ್ಲ. ನನಗೆ ಮಾತ್ರ ಎರಡು ಪುಟದ ಪತ್ರ ಬರೆದುಕೊಟ್ಟರು. ಅವರ ಪಕ್ಷವೇ ಗೆದ್ದಿತು, ಹೊಸ ಸರ್ಕಾರ ಬಂತು, ನನ್ನ ವೀಸಾ ಕೂಡ ಬಂತು. ಕಿಟಕಿಯ ಆಚೆ ಕೂತಿದ್ದ ಅಧಿಕಾರಿ ಮೀನಿನ ಬಗ್ಗೆ ಎರಡು ಪ್ರಶ್ನೆ ಕೇಳಿ ನಕ್ಕು ಕಳಿಸಿದ. ಗಂಡ ಫೋನಿನಲ್ಲಿ, "ನೋಡ್ದ್ಯಾ, ಪ್ರಳಯ ಆಗ್ಲಿಲ್ಲ. ಆವಾಗ ಪೋಸ್ಟ್ ಮಾಡ್ದೆ ತಾನೇ?" ಅಂದರು. ಹೂಂ ಅಂದೆ.

ಮಾರ್ಚಿನಲ್ಲಿ ಒಂದು ಬೆಳಗ್ಗೆ ನಾನು ಅಕ್ಕಿ ತೊಳೆಯುತ್ತಿದ್ದೆ. ಹುಡುಗಿ ಅಡುಗೆಮನೆಗೆ ಬಂದು ಕುರ್ಚಿಯಲ್ಲಿ ಕುಸಿದಳು. ಕೈಯಲ್ಲಿ ಒಂದು ಹಾಳೆ. ಆ ಕೆಲಸ ಸಿಕ್ಕಿರಲಿಲ್ಲ. ಅಲ್ಲಿದ್ದ ಗೆಳತಿಯೊಬ್ಬಳು ಒಳಗಿನ ವಿಷಯ ತಿಳಿಸಿದ್ದಳು: ದೊಡ್ಡವರ ಪತ್ರ ಕೊನೆಯವರೆಗೂ ಬರಲೇ ಇಲ್ಲವಂತೆ.

"ಬರೀತೀನಿ ಅಂದಿದ್ರು," ಅಂದಳು. "ನಾನಾಗಿ ಕೇಳಿದ್ದಲ್ಲ, ಅವರೇ ಅಂದಿದ್ದು. ನವೆಂಬರಿಂದ ನನ್ನ ಮುಖ ಕೂಡ ಸರಿಯಾಗಿ ನೋಡ್ತಿಲ್ಲ. ನಾನೇನು ಮಾಡ್ದೆ? ನನ್ನ ಕೆಲಸದಲ್ಲೇ ಏನೋ ದೊಡ್ಡ ತಪ್ಪು ಕಂಡಿರಬೇಕು ಅವರಿಗೆ. ಮೂರು ತಿಂಗಳಿಂದ ನನ್ನ ನೋಟ್‌ಬುಕ್ಕನ್ನ ಮೊದಲಿಂದ ತಿರುವಿ ಹಾಕ್ತಿದೀನಿ, ಎಲ್ಲೂ ಸಿಗ್ತಿಲ್ಲ. ನಿನ್ನ ಹತ್ರ ಏನಾದ್ರೂ ಹೇಳಿದ್ರಾ? ಗೊತ್ತಿದ್ರೆ ಹೇಳು, ಪ್ಲೀಸ್. ಅವರ ಹತ್ರ ಹೋಗಿ ಕೇಳ್ಬಿಡ್ತೀನಿ ಇವತ್ತು, ಏನಾದ್ರೂ ಆಗ್ಲಿ."

ಅಳುತ್ತಿದ್ದಳು. ಅಷ್ಟು ತಿಂಗಳಲ್ಲಿ ಮೊದಲ ಸಲ ಅವಳ ಬಾಯಲ್ಲಿ ಪಕ್ಷದ ಮಾತಿರಲಿಲ್ಲ. ತಪ್ಪನ್ನು ತನ್ನಲ್ಲೇ ಹುಡುಕುತ್ತಿದ್ದಳು. ಅವಳು ಅವರ ಬಾಗಿಲು ತಟ್ಟಿದರೆ ಹತ್ತು ನಿಮಿಷದಲ್ಲಿ ಎಲ್ಲ ಹೊರಗೆ ಬರುತ್ತಿತ್ತು. ನನ್ನ ಕೈ ಅಕ್ಕಿಯ ನೀರಿನಲ್ಲಿ ತಣ್ಣಗೆ ಕೊರೆಯುತ್ತಿತ್ತು. ನಾನು ತಿರುಗಿ ನೋಡದೆ ಹೇಳಿದೆ:

"ಕೇಳಿ ಏನು ಪ್ರಯೋಜನ? ನೀನೇ ಹೇಳ್ತಿದ್ದೆಯಲ್ಲ, ಅವರೆಲ್ಲ ಎಕ್ಸ್‌ಟ್ರೀಮಿಸ್ಟ್‌ಗಳು ಅಂತ."

ಅವಳ ಅಳು ನಿಂತಿತು. ಆಮೇಲೆ ಮುಖ ಒರೆಸಿಕೊಂಡು, "ಹೌದಲ್ವಾ," ಅಂದಳು. ದನಿಯಲ್ಲಿ ಒಂದು ಥರದ ಸಮಾಧಾನವೇ ಇತ್ತು. "ನನ್ನ ಕೆಲಸದ್ದೇನೂ ಅಲ್ಲ. ಅವರೆಲ್ಲ ಹಾಗೇ, ಅಷ್ಟೇ."

ಎದ್ದು ಬಂದು ನನ್ನ ಹೆಗಲು ತಬ್ಬಿ, ಥ್ಯಾಂಕ್ಸ್ ಹೇಳಿ ತನ್ನ ಕೋಣೆಗೆ ಹೋದಳು.